ಉಳಿದವರ ಮಾತನ್ನೂ ಕೇಳಿದ ಗುರು: ಡಾ. ವರ್ನೀಸ್ ಪ್ರೀಲೋ

ಅಲಬಾಮಾದ ಕಪ್ಪುಜನರ ಪತ್ರಿಕೆಗಳಲ್ಲಿ ಇಂದು ಹೆಸರು ಮಾಡಿರುವ ಯಾರನ್ನೇ ಕೇಳಿದರೂ, ತಮ್ಮ ಮೊದಲ ಬರಹವನ್ನು ತಿದ್ದಿದವರು ಡಾ. ವರ್ನೀಸ್ ಪ್ರೀಲೋ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಬಿಡುಗಡೆ ಪಡೆದ ಗುಲಾಮರು ತಾವೇ ಇಟ್ಟಿಗೆ ಸುಟ್ಟು ಕಟ್ಟಿದ ಟಾಲಿವರ್ ವಿಶ್ವವಿದ್ಯಾಲಯದಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿ, ವಿದ್ಯಾರ್ಥಿ ಪತ್ರಿಕೆಯನ್ನು ಪೊರೆದು, ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರ ಕುರಿತು ಬರೆಯುವ ಯೋಗ್ಯತೆ ನನಗಿದೆಯೇ ಎಂಬ ಅಳುಕು ಈಗಲೂ ಇದೆ.

ಅಮ್ಮ ಓದಿದ ಜಾಗವೆಂಬ ಒಂದೇ ಕಾರಣಕ್ಕೆ ೧೯೯೪ರಲ್ಲಿ ನಾನು ಡೆಟ್ರಾಯಿಟ್‌ನಿಂದ ಒಲ್ಲದ ಮನಸ್ಸಿನಿಂದ ಟಾಲಿವರ್‌ಗೆ ಬಂದೆ. ಆ ಚಳಿಗಾಲ ಜ್ವರ ಬಂದು ಎರಡು ದಿನ ತರಗತಿ ತಪ್ಪಿಸಿದಾಗ, ಬೆಂಡೆಕಾಯಿ ಸೂಪಿನ ಪಾತ್ರೆ ಹಿಡಿದು ವಿದ್ಯಾರ್ಥಿನಿಲಯದ ಮೂರು ಮಹಡಿ ಹತ್ತಿ ಬಂದವರು ಪ್ರೀಲೋ ಅವರು. ಮೇಷ್ಟರೆಂದರೆ ಎಲ್ಲೆಡೆ ಹೀಗೇ ಇರುತ್ತಾರೆಂದು ಆಗ ತಿಳಿದಿದ್ದೆ.

ಮರುವರ್ಷ ಪತ್ರಿಕೆಗಾಗಿ, ನಮ್ಮ ವಿಶ್ವವಿದ್ಯಾಲಯದ ಹೆಸರು ಮತ್ತು ಸಂಪ್ರದಾಯಗಳ ಬಗ್ಗೆ ಐವತ್ತು ವಿದ್ಯಾರ್ಥಿಗಳನ್ನು ಮಾತನಾಡಿಸಿದೆ. ಗೇಟಿನಾಚೆ ನಮ್ಮ ಪದವಿಗೆ ಬೆಲೆಯಿಲ್ಲ ಎಂದರು ಕೆಲವರು. ಹೊಸ ಹುಡುಗಿಯರು ಬಿಳಿ ಉಡುಪಿನಲ್ಲಿ ಸಂಸ್ಥಾಪಕರ ಸಮಾಧಿಗೆ ನಡೆಯುವುದು ಅಜ್ಜಿಯರ ಕಾಲದ ಗೊಡ್ಡು ಪದ್ಧತಿ ಎಂದರು ಇನ್ನು ಕೆಲವರು. ಲೇಖನ ಓದಿ ಮುಗಿಸಿದ ಪ್ರೀಲೋ ಅವರು ಕನ್ನಡಕ ತೆಗೆದಿಟ್ಟರು.

“ಐವತ್ತು ಜನರನ್ನ ಕೇಳಿದೀಯ, ಇಲ್ಲಿ ಮೂವತ್ತೊಂದೇ ಇದೆಯಲ್ಲೇ. ಉಳಿದೋರು ಏನಂದ್ರು?”

“ಬರೀ ಹೊಗಳಿದ್ರು ಮೇಡಂ.”

“ಹೊಗಳಿದ್ದೆಲ್ಲ ಸುಳ್ಳು ಅಂತ ನಿಂಗ್ಯಾರು ಹೇಳಿದ್ರು ಮಗಳೇ?”

ಉಳಿದ ಹತ್ತೊಂಬತ್ತು ಮಂದಿಯನ್ನೂ ಸೇರಿಸಿದೆ. ಅವರಲ್ಲೊಬ್ಬಳು ಹತ್ತಿ ಗಿರಣಿಯ ಊರಿನಿಂದ ಬಂದ ಲೂವೀನಿಯಾ. ಅಂಗಡಿಗೆ ಕಾಲಿಟ್ಟರೆ ಬೆನ್ನ ಹಿಂದೆಯೇ ಕಾವಲುಗಾರ ಬರುತ್ತಿದ್ದ ತನ್ನನ್ನು, ಇಲ್ಲಿ ಮೊದಲ ಬಾರಿಗೆ ಒಂದು ಕಟ್ಟಡದೊಳಗೆ ಯಾರೂ ಅನುಮಾನದಿಂದ ನೋಡಲಿಲ್ಲ ಎಂದಿದ್ದಳು.

ಹಳೆಯ ವಿದ್ಯಾರ್ಥಿಗಳು ದೇಣಿಗೆ ಹಿಡಿದು ಬರುವ ವಾರ ಹತ್ತಿರವಿದ್ದುದರಿಂದ ಲೇಖನವನ್ನು ತಡೆಹಿಡಿಯಬೇಕೆಂದು ಆಡಳಿತದವರು ಹೇಳಿಕಳಿಸಿದರು. ಹೊಗಳಿಕೆಯೂ ತೆಗಳಿಕೆಯೂ ನಮ್ಮ ಮಕ್ಕಳದೇ ಮಾತು, ಅಚ್ಚಾಗುತ್ತದೆ ಎಂದು ಪ್ರೀಲೋ ಅವರು ಉತ್ತರಿಸಿದರು. ಅಚ್ಚಾಯಿತು. ಮುಂದಿನ ತಿಂಗಳು ಅವರಿಗೆ ಬರಬೇಕಿದ್ದ ವಿಭಾಗದ ಮುಖ್ಯಸ್ಥರ ಹುದ್ದೆ ಬೇರೆಯವರ ಪಾಲಾಯಿತು. ಇದನ್ನು ನಾನು ಅರಿತದ್ದು ಹನ್ನೆರಡು ವರ್ಷದ ಮೇಲೆ, ವಿಭಾಗದ ಗುಮಾಸ್ತೆಯ ಬಾಯಿಂದ.

ಅದೇ ಲೇಖನವನ್ನು ತೋರಿಸಿ ನಾನು ಪದವಿಯ ನಡುವೆಯೇ ಉತ್ತರದ ಹೆಸರಾಂತ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದೆ. ಶಿಫಾರಸು ಪತ್ರ ಬರೆದುಕೊಟ್ಟವರೂ ಅವರೇ. “ಹೋಗು. ಅಲ್ಲಿ ನಿನ್ನ ಬರಹ ಓದ್ತಾರೆ. ಊಟ ಆಯ್ತಾ ಅಂತ ಮಾತ್ರ ನೀನೇ ಕೇಳ್ಕೋಬೇಕು” ಎಂದರು. ನಾನು ನಕ್ಕೆ.

ಅಲ್ಲಿ ಏಳು ಮಹಡಿಯ ಗ್ರಂಥಾಲಯವಿತ್ತು. ದಾರಿಯಲ್ಲಿ ಎದುರಾದವರು ನಮಸ್ಕಾರ ಹೇಳುತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನವಾದರೆ ಟಾಲಿವರ್‌ನ ಊಟದ ಮನೆಯ ಕರಿದ ಮೀನಿನ ವಾಸನೆಗಾಗಿ, ಅದರ ಹಿಂದೆಯೇ ಕೇಳುತ್ತಿದ್ದ ಬ್ಯಾಂಡಿನ ತಾಲೀಮಿಗಾಗಿ ಜೀವ ತಹತಹಿಸುತ್ತಿತ್ತು. ಇಪ್ಪತ್ತೇಳು ವರ್ಷದ ಪತ್ರಿಕಾ ವೃತ್ತಿಯಲ್ಲಿ ಎಲ್ಲೆಲ್ಲೋ ಇದ್ದೆ. ಆ ಹಂಬಲ ತಣಿಯಲಿಲ್ಲ.

ಗುರುಗಳ ಈ ಅಭಿನಂದನಾ ಸಂಪುಟಕ್ಕೆ ಬರೆಯಲು ಆಹ್ವಾನ ಬಂದಾಗ, ಲೇಖಕರು ತಾವು ಯಾವ ವರ್ಷ ಪದವಿ ಪಡೆದ ತಂಡದವರೆಂದು ನಮೂದಿಸಬೇಕೆಂದಿತ್ತು. ಪದವಿ ಮುಗಿಸದೆ ಹೊರಟವಳು ಏನು ಬರೆಯಲಿ? ನಾಚಿಕೆಯಿಂದಲೇ ಗುರುಗಳಿಗೆ ಫೋನು ಮಾಡಿ, ನಾನು ಬರೆಯುವುದು ಸರಿಯಲ್ಲವೇನೋ ಎಂದೆ.

“ತೊಂಬತ್ತೆಂಟು ಅಂತ ಬರಿ” ಎಂದರು. “ಬಿಟ್ಟು ಹೋಗಿದ್ದು ನೀನು ಕಣೇ. ನಾವು ಬಿಟ್ಟಿಲ್ಲ.”

ಆಹ್ವಾನ ಪತ್ರದ ಅಂಚಿನಲ್ಲಿ ಆ ವರ್ಷವನ್ನು ಬರೆದುಕೊಂಡೆ. ಅವರು ಫೋನಿಡದೆ ಕಾದರು.

ಇನ್ನು ಮುಂದೆ ಅವರು ಗುರುವಾರಗಳಂದು ಊರಿನ ಗ್ರಂಥಾಲಯದಲ್ಲಿ ಹಿರಿಯರಿಗೆ ತಮ್ಮ ಬದುಕನ್ನು ಬರೆಯಲು ಕಲಿಸುತ್ತಾರಂತೆ. ಆ ಕೈಗೆ ಆಯಾಸವಾಗದಿರಲಿ, ಕಣ್ಣು ಮಂಜಾಗದಿರಲಿ, ನೂರು ವಸಂತಗಳನ್ನು ಅವರು ನೆಮ್ಮದಿಯಿಂದ ಕಾಣಲಿ ಎಂದು ಪ್ರಾರ್ಥಿಸುತ್ತೇನೆ.

— ರೊಶೆಲ್ ಟಿಬ್ಸ್, ಟಾಲಿವರ್, ೧೯೯೮ರ ತಂಡ