ಉಚ್ಚಂಗೆಪ್ಪನ ಬಾಯ್ಕಾಟ್

ಹಗರಿಬೊಮ್ಮನಹಳ್ಳಿಯಿಂದ ಹಡಗಲಿ ಕಡೆ ಹೋಗೋ ದಾರಿಯಲ್ಲಿ ಒಂದು ಊರು. ಹೆಸರು ಬೇಡ ಬಿಡಿ, ಹೇಳಿದರೆ ಹತ್ತು ಊರಿನವರು ನಮ್ಮೂರೇ ಅಂತ ಜಗಳಕ್ಕೆ ಬರ್ತಾರೆ. ಆ ಊರಿಗೆ ಹಲಗಿ ಬಾರಿಸಿ ಸುದ್ದಿ ಸಾರೋನು ಉಚ್ಚಂಗೆಪ್ಪ. ರೇಷನ್ ಬಂತಾ, ಎಮ್ಮೆ ಕಳೀತಾ, ದನಕ್ಕೆ ಸೂಜಿ ಹಾಕೋ ಡಾಕ್ಟರು ಬರ್ತಾರಾ, ಎಲ್ಲ ಅವನೇ ಸಾರಬೇಕು. ಎಲ್ಲರ ಕೈಗೆ ಮೊಬೈಲು ಬಂದ ಮೇಲೂ ಅಷ್ಟೇ. ವಾಟ್ಸಾಪಿನಲ್ಲಿ ಬಂದಿದ್ದು ಸುಳ್ಳಿರಬಹುದು, ಉಚ್ಚಂಗೆಪ್ಪ ಸಾರಿದ್ದು ಸುಳ್ಳಲ್ಲ. ಅವನದೊಂದು ಹಟ: ತನಗೆ ಅರ್ಥವಾಗದ ಮಾತನ್ನು ಸತ್ತರೂ ಸಾರುತ್ತಿರಲಿಲ್ಲ. ಸಾರಿದ ಮೇಲೆ ಮುದುಕಿಯರು ಅಡ್ಡಗಟ್ಟಿ 'ಅದೇನಪ್ಪಾ ಅದು' ಅಂತಾರಲ್ಲ, ಆಗ ಬೆಪ್ಪನಂಗೆ ನಿಲ್ಲೋಕಾಗುತ್ತಾ? ಕೊರೊನಾ ಲಸಿಕೆ ಬಂದಾಗ ನರ್ಸಮ್ಮನನ್ನು ಶಾಲೆ ಮುಂದೆ ನಿಲ್ಲಿಸಿ, ಪೂರಾ ಪಾಠ ಹೇಳಿಸಿಕೊಂಡೇ ಹಲಗಿ ಮುಟ್ಟಿದ್ದ.

ಹೋದ ಬೇಸಿಗೆಯಲ್ಲಿ ಊರಿನ ಹಿರಿಯ ಸೋಮಪ್ಪಗೌಡರ ತಾಯಿ ತೀರಿಕೊಂಡರು. ಹೊತ್ತು ಮೂಡಿದಾಗಿನಿಂದ ಹೆಣದ ಮುಂದೆ ಬಾರಿಸಿ ಬಾರಿಸಿ ಉಚ್ಚಂಗೆಪ್ಪನ ಬೆರಳು ಬಾತುಹೋದವು. ಮೂರನೇ ದಿನದ ಊಟಕ್ಕೆ ಕರೆದು ಅವನ ಎಲೆಯನ್ನು ತಿಪ್ಪೆ ಪಕ್ಕ ಹಾಸಿದರು. ಎಂಜಲಿಗೆ ಕಾಯ್ತಿದ್ದ ನಾಯಿಗೂ ಅವನಿಗೂ ನಡುವೆ ಗೇಣು ಜಾಗ. ಹೊಸದೇನಲ್ಲ, ಅವನಪ್ಪನೂ ಅಲ್ಲೇ ಕೂತು ಉಂಡವನೇ. ಆದರೆ ಅವತ್ತು ತುತ್ತು ಇಳೀಲಿಲ್ಲ. ಎದ್ದು ಮನೆಗೆ ಬಂದವನೇ "ಇನ್ನ ಮ್ಯಾಲ ಹೆಣದ ಮುಂದೂ ಬಾರ್ಸಂಗಿಲ್ಲ, ಊರಾಗೂ ಬಾರ್ಸಂಗಿಲ್ಲ" ಅಂತ ಹಲಗಿಯನ್ನು ಗೂಟಕ್ಕೆ ಹಾಕಿಬಿಟ್ಟ.

ಊರಿನ ಹಿರಿಯರಿಗೆ ಮೈಯೆಲ್ಲಾ ಉರಿದುಹೋಯಿತು. ಕಟ್ಟೆ ಮೇಲೆ ಸೇರಿ ಬಹಿಷ್ಕಾರ ಹಾಕೋಣ ಅಂದರು. ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದ ಶಿವಶಂಕರ ಹೌಹಾರಿದ.

"ಆ ಶಬ್ದ ಬಾಯಾಗ ತರಬ್ಯಾಡ್ರಿ! ಬಹಿಷ್ಕಾರ ಅಂದ್ರ ಕೇಸು. ಬಾಯ್ಕಾಟ್ ಅನ್ರಿ. ಟೀವ್ಯಾಗ ದಿನಾ ಬರತೈತಿ, ಸಿನಿಮಾಕ್ಕ ಮಾಡ್ತಾರ, ಚೀನಾ ಮಾಲಿಗೆ ಮಾಡ್ತಾರ. ಯಾರನ್ನ ಹಿಡಕೊಂಡ್ ಹೋಗ್ಯಾರ?"

ಇಂಗ್ಲಿಷಿನಲ್ಲಿ ಮಾಡಿದ ಪಾಪ ಪಾಪವಲ್ಲ ಅಂತ ಎಲ್ಲರಿಗೂ ಸಮಾಧಾನವಾಯಿತು. ಎಲ್ಲರೂ ಹೂಂ ಅಂದರು. ಆಗ ಒಬ್ಬ ಮುದುಕ ಕೇಳಿದ: "ಅದು ಸರಿ, ಊರಿಗೆ ಸಾರೋರು ಯಾರು?"

ಒಬ್ಬ ಜೇಬಿನಿಂದ ಮೊಬೈಲು ತೆಗೆದ. ಮೊಬೈಲಿಗೆ ಹಾಕಿದರೆ ಸಾಕ್ಷಿ ಆಗುತ್ತೆ ಅಂದ ಶಿವಶಂಕರ. ಕೊನೆಗೆ ಸೋಮಪ್ಪಗೌಡರೇ ಮಧ್ಯಾಹ್ನದ ರಣಬಿಸಿಲಲ್ಲಿ ಉಚ್ಚಂಗೆಪ್ಪನ ಮನೆಗೆ ಬಂದು, ಅಂಗಳದಾಚೆಯೇ ನಿಂತರು.

"ಉಚ್ಚಂಗೆಪ್ಪಾ, ಊರು ನಿನಗ ಬಾಯ್ಕಾಟ್ ಮಾಡೈತಿ. ಸಂಜಿಗೆ ನಾಕೂ ಓಣ್ಯಾಗ ಒಂಚೂರು ಸಾರಿಬಿಡಪ್ಪ."

ಉಚ್ಚಂಗೆಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂದಿದ್ದು ಹಳೇ ಚಟ. "ಸಾರಬೇಕಂದ್ರ ಮೊದ್ಲು ನನಗ ತಿಳೀಬೇಕಲ್ರಿ ಗೌಡ್ರ. ಬಾಯ್ಕಾಟ್ ಅಂದ್ರ ಏನೇನ್ ಬರತೈತಿ?"

"ನಿಮ್ಮ ಮನಿಗೆ ಯಾರೂ ಬರಂಗಿಲ್ಲ."

"ಯಾವಾಗ ಬಂದಿದ್ರಿ?"

"ನಿಮ್ಮ ಕೈಯಾಗ ನೀರು ಕುಡಿಯಂಗಿಲ್ಲ."

ಒಳಗಿನಿಂದ ಹೆಂಡತಿ ಸುಂಕಮ್ಮ ಕಿಸಕ್ಕನೆ ನಕ್ಕಳು.

"ಮದುವ್ಯಾಗ ಪಂಕ್ತಿಗೆ ಕೂಡ್ಸಂಗಿಲ್ಲ. ಗುಡಿಯೊಳಗ ಬಿಡಂಗಿಲ್ಲ..." ಹೇಳ್ತಾ ಹೇಳ್ತಾ ಗೌಡರ ದನಿ ಸಣ್ಣದಾಯಿತು. ಹೊಸದು ಅಂತ ಒಂದಾದರೂ ಸಿಗಬೇಡವೇ! ತಡಕಾಡಿದ ಮೇಲೆ ಸಿಕ್ಕಿತು. "ಹಾಂ, ಗಿರಣ್ಯಾಗ ನಿಮ್ಮ ಜ್ವಾಳ ಬೀಸಂಗಿಲ್ಲ. ಸುಂಕಮ್ಮನ್ನ ಕೂಲಿಗೆ ಕರಿಯಂಗಿಲ್ಲ."

ಸುಂಕಮ್ಮನ ನಗು ನಿಂತಿತು. ಡಬ್ಬಿಯಲ್ಲಿ ಹಿಟ್ಟು ತಳ ಕಂಡಿತ್ತು. ಉಚ್ಚಂಗೆಪ್ಪನೂ ತಿರುಗಿ ಆ ಡಬ್ಬಿ ಕಡೆ ನೋಡಿದ. ರೊಟ್ಟಿ ಇಲ್ಲದ ಮನೆಯಲ್ಲಿ ಸಿಟ್ಟು ಎಷ್ಟು ದಿನ ಉಳಿದೀತು?

ಗೌಡರಿಗೆ ಅದು ಗೊತ್ತಾಯಿತು. ಮಾತಿಗೆ ಬೆಲ್ಲ ಸವರಿದರು. "ಏ ಹುಚ್ಚಾ, ನೀ ಹಲಗಿ ಹಿಡದ್ರ ಸಾಕು, ಬಾಯ್ಕಾಟ್ ಅಲ್ಲಿಗೇ ತಗದಬಿಡತೀವಿ."

"ಅಂದ್ರ, ನಾ ಸಾರಿದ್ರ ಬಾಯ್ಕಾಟ್ ಇರಂಗಿಲ್ಲ. ಸಾರಲಿಲ್ಲಂದ್ರ ಇರತೈತಿ, ಊರಿಗೆ ಗೊತ್ತಿರಂಗಿಲ್ಲ."

"ಹೌದ್..." ಅಂದ ಗೌಡರು ತಾವೇ ತಲೆ ಕೆರೆದುಕೊಂಡರು.

ಉಚ್ಚಂಗೆಪ್ಪ ಎದ್ದು ನಿಂತು, ನಾಲ್ಕು ಓಣಿಗೆ ಮುಟ್ಟೋ ತನ್ನ ದನಿಯಲ್ಲೇ ಹೇಳಿದ: "ಗೌಡ್ರ, ನಿಮ್ಮದು ಹೊಸಾದಲ್ಲ. ನಮ್ಮ ಮುತ್ಯಾ ಹುಟ್ಟೋಕಿಂತ ಮೊದ್ಲ ಹಾಕೀರಿ. ಹಲಗಿ ಗೂಟಕ್ಕ ಹಾಕಿದ್ದು ನನ್ನ ಬಾಯ್ಕಾಟ್, ಅದು ಮೊನ್ನಿದು. ಮೊದ್ಲು ಹಾಕಿದವರು ಮೊದ್ಲು ತಗೀಬೇಕು. ತಗೀರಿ, ಈಗಿಂದೀಗ ಹಲಗಿ ಹಿಡೀತೀನಿ."

ಸುಂಕಮ್ಮ ಚೊಂಬಿನಲ್ಲಿ ನೀರು ತಂದು ಗೌಡರ ಮುಂದೆ ಹಿಡಿದಳು. ಅಷ್ಟು ಮಾತಾಡಿ ಅವರ ಗಂಟಲು ಒಣಗಿತ್ತು. ಚೊಂಬು ನೋಡಿದರು. ಓಣಿಯ ಆ ತುದಿ ಈ ತುದಿ ನೋಡಿದರು. ಬಿಸಿಲಿಗೆ ಒಂದು ನರಪಿಳ್ಳೆಯೂ ಹೊರಗಿರಲಿಲ್ಲ. ಆದರೂ ಕೈ ಏಳಲಿಲ್ಲ.

"ಮನ್ಯಾಗ ಕುಡದ ಬಂದೀನವ್ವ" ಅಂದವರೇ ಹೊರಟುಹೋದರು.

ಸುಂಕಮ್ಮ ಆ ನೀರನ್ನು ತಾನೇ ಗಟಗಟ ಕುಡಿದು, ಚೊಂಬು ಕೆಳಗಿಟ್ಟಳು. "ಬರ್ರಿ," ಅಂದಳು ಗಂಡನಿಗೆ, "ಜ್ವಾಳದ ಚೀಲ ಹೊರಸ್ರಿ. ತಂಬ್ರಹಳ್ಳಿ ಗಿರಣಿಗೆ ಹೋಗಾಕ ಬಸ್ಸು ಬರೋ ಹೊತ್ತಾತು."