ಕೂಸು ಹಗುರ ಆಗೈತ್ರಿ

ಹರಿಹರದಲ್ಲಿ ನಮ್ಮ ಓಣಿಯ ಅಂಗನವಾಡಿಯಲ್ಲಿ ಒಬ್ಬ ಆಯಮ್ಮ ಇದ್ದರು. ಬಂದ ಮಕ್ಕಳನ್ನೆಲ್ಲ ಒಂದೊಂದಾಗಿ ಎತ್ತಿಯೇ ಹೊಸಿಲು ದಾಟಿಸುತ್ತಿದ್ದರು. ತೂಕದ ಯಂತ್ರ ಇದೆಯಲ್ಲ ಎಂದರೆ, "ನನ್ನ ಕೈ ಹೇಳ್ತೈತ್ರಿ" ಎನ್ನುತ್ತಿದ್ದರು. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು ನಾನು. ಕೈ ಹೇಳುವುದನ್ನು ಸಾಕ್ಷಿ ಎಂದು ಒಪ್ಪುವುದುಂಟೇ?

ಒಂದು ಬೇಸಿಗೆಯಲ್ಲಿ ಅಕ್ಕನ ನಾಲ್ಕು ವರ್ಷದ ಮಗಳನ್ನು ಕರೆತರಲು ಹೋದಾಗ ಅವರು ನನ್ನನ್ನು ತಡೆದರು.

"ಕೂಸು ಹಗುರ ಆಗೈತ್ರಿ. ಒಂದೇ ಸಮ ನೀರು ಕೇಳ್ತೈತೆ. ಮಲಗಿದಾಗ ಚಾಪೆ ಒದ್ದೆ ಮಾಡ್ಕಂತೈತೆ, ಮೊದ್ಲು ಹಿಂಗಿರ್ಲಿಲ್ಲ. ರಕ್ತ ತೋರ್ಸ್ರಿ, ಸಕ್ರೆ ಕಾಯ್ಲೆ ಇದ್ರೂ ಇರ್ಬೋದು."

"ಅದು ಮುದುಕರಿಗೆ ಬರೋದು ಆಯಮ್ಮ. ಈ ಬಿಸಿಲಿಗೆ ಯಾರಿಗೆ ಬಾಯಾರಲ್ಲ ಹೇಳ್ರಿ?"

"ವಾದದಾಗೆ ನೀವೇ ಗೆದ್ರಿ ಬಿಡ್ರಿ. ಆದ್ರೂ ತೋರ್ಸ್ರಿ."

ತೋರಿಸಲಿಲ್ಲ. ಸುಸ್ತಿಗೆಂದು ಮೂರು ದಿನ ನಾನೇ ಗ್ಲೂಕೋಸ್ ನೀರು ಕುಡಿಸಿದೆ. ನಾಲ್ಕನೇ ದಿನ ಮಗು ವಾಂತಿ ಮಾಡಿ, ಏದುಸಿರು ಬಿಡುತ್ತ ಪ್ರಜ್ಞೆ ತಪ್ಪಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದ ಡಾಕ್ಟರು, "ಸಕ್ಕರೆ ಕಾಯಿಲೆ ಮಕ್ಕಳಿಗೂ ಬರ್ತದೆ. ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದರು.

ಮಗು ಉಳಿಯಿತು. ಆಯಮ್ಮನಿಗೆ ಹೇಳಲು ಹೋದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ.

"ಸೂಜಿ ದಿನಕ್ಕೆಷ್ಟು ಸಲ?"

"ನಾಕು ಸಲ, ನಾನೇ ಚುಚ್ಚೋದು. ಬದುಕಿರೋ ತನಕ."

"ಭಾಳ ಅಳ್ತಾಳೇನ್ರಿ?"

"ಈಗ ಅಳಲ್ಲ," ಎಂದೆ. "ನನ್ನ ಕಂಡ ಕೂಡ್ಲೆ ತಾನೇ ಅಂಗಿ ಎತ್ತಿ ಹೊಟ್ಟೆ ತೋರಿಸ್ತಾಳೆ."