ಅಂಚಿಗೆ ಅರಿಶಿನ

ನಮ್ಮ ಮನೆಯಲ್ಲಿ ಕಿಟಕಿಯಿಲ್ಲದ ಜಾಗ ಅಂತ ಇದ್ದದ್ದು ದೇವರ ಕೋಣೆ ಒಂದೇ. ಟೀ ಶರ್ಟಿನ ಮೇಲೆ ಚಿತ್ರ ಅಚ್ಚು ಹಾಕುವ ಕೆಲಸಕ್ಕೆ ಕತ್ತಲೆ ಬೇಕೇ ಬೇಕು. ಮರದ ಚೌಕಟ್ಟಿಗೆ ಬಿಗಿದ ನೈಲಾನ್ ಜಾಲರಿಗೆ ಮದ್ದು ಸವರಿ ಕತ್ತಲಲ್ಲಿ ಒಣಗಿಸಬೇಕು, ಆಮೇಲೆ ಚಿತ್ರದ ಫಿಲಂ ಅದರ ಮೇಲಿಟ್ಟು ಬಿಸಿಲಿಗೆ ಹಿಡಿಯಬೇಕು. ಬಿಸಿಲು ತಾಗಿದ ಕಡೆ ಮದ್ದು ಗಟ್ಟಿಯಾಗುತ್ತದೆ, ತಾಗದ ಕಡೆ ನೀರಲ್ಲಿ ತೊಳೆದು ಹೋಗುತ್ತದೆ. ಆ ಸಂದಿಯಿಂದ ಬಣ್ಣ ಇಳಿದು ಬಟ್ಟೆಯ ಮೇಲೆ ಚಿತ್ರ ಮೂಡುತ್ತದೆ. ಹೀಗಾಗಿ ತುಮಕೂರಿನ ಕುಣಿಗಲ್ ರಸ್ತೆಯ ಆ ಬಾಡಿಗೆ ಮನೆಯಲ್ಲಿ ದೇವರ ಪಟಗಳ ಕೆಳಗೆ ಯಾವಾಗಲೂ ಅಂಥ ಒಂದು ಜಾಲರಿ ಚೌಕಟ್ಟು, ಅಂದರೆ ಸ್ಕ್ರೀನು, ಒರಗಿಕೊಂಡಿರುತ್ತಿತ್ತು. ಅತ್ತೆ ಮೊದಮೊದಲು ಗೊಣಗಿದರು. ಆಮೇಲೆ ಪಟಗಳಿಗೆ ಹೂವಿಡುವಾಗ ಸ್ಕ್ರೀನಿಗೂ ಒಂದು ಹೂವೇರಿಸಲು ಶುರುಮಾಡಿದರು. ಎಸಳು ಹಸಿ ಮದ್ದಿಗೆ ಅಂಟಿಕೊಂಡು ಇಡೀ ಸ್ಕ್ರೀನು ಹಾಳಾದಾಗ ನನಗೆ ನೆತ್ತಿ ಉರಿದು ಹೋಗುತ್ತಿತ್ತು. ಅತ್ತೆ ಅಲ್ವೇ, ಏನಂತ ಬೈಯಲಿ?

ಆ ವರ್ಷ ಕೆಲಸ ಅನ್ನುವುದೇ ಇರಲಿಲ್ಲ. ಕಂಪ್ಯೂಟರಿನಿಂದ ನೇರವಾಗಿ ಬಟ್ಟೆಗೆ ಚಿತ್ರ ಹಾಕಿಕೊಡುವ ಅಂಗಡಿಗಳು ಪೇಟೆಯಲ್ಲಿ ಬಂದ ಮೇಲೆ ನಮ್ಮ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನನ್ನ ಗಂಡ ಗುಬ್ಬಿಯ ಒಂದು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆ ಸೇರಿಯಾಗಿತ್ತು. ಮಂಡಿಯ ಹಿಂದೆ ಒಂದು ಪುಟ್ಟ ಮನೆಯನ್ನೂ ಕೊಡುತ್ತೇವೆ ಅಂದಿದ್ದರು. ಆ ಮನೆಯಲ್ಲಿ ಮೂರು ಜನ ಮಲಗಲು ಜಾಗವಿತ್ತು, ನನ್ನ ಪ್ರಿಂಟಿಂಗ್ ಟೇಬಲ್ಲಿಗೆ ಇರಲಿಲ್ಲ. ನನ್ನ ಗಂಡ ಕೆಟ್ಟವರೇನಲ್ಲ, ಮೆತ್ತಗೇ ಹೇಳಿದರು. "ಇದೊಂದ್ ಆರ್ಡರ್ ನೋಡೋಣ ಕಣೇ. ಇದೂ ಕೈಕೊಟ್ರೆ ಟೇಬಲ್ ಯಾರ್ಗಾದ್ರೂ ಕೊಟ್ಬಿಟ್ಟು ಗುಬ್ಬಿಗೆ ಹೋಗೋಣ."

ಮೆತ್ತಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಆ ಟೇಬಲ್ಲಿನ ಮುಂದೆ ನಿಂತಾಗ ಮಾತ್ರ ನಾನೂ ಒಬ್ಬಳು ಮನುಷ್ಯಳು ಅನ್ನಿಸುತ್ತಿತ್ತು. ಅದನ್ನು ಅವರಿಗೆ ಹೇಗೆ ಬಿಡಿಸಿ ಹೇಳುವುದು?

ಆ ಆರ್ಡರ್ ತಂದವಳು ಕುಣಿಗಲ್ ಹತ್ತಿರ ಕೊತ್ತಗೆರೆ ಕಡೆಯ ಒಬ್ಬ ಹೆಣ್ಣುಮಗಳು. ಅವಳ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡು ವರ್ಷ ತುಂಬುತ್ತಿತ್ತು. ಒಳ್ಳೇ ವಾಲಿಬಾಲ್ ಆಟಗಾರನಂತೆ. ಅವನ ಹೆಸರಲ್ಲಿ ಸ್ನೇಹಿತರೆಲ್ಲ ಸೇರಿ ಊರಲ್ಲಿ ಪಂದ್ಯ ಇಟ್ಟುಕೊಂಡಿದ್ದರು. ಎಲ್ಲರಿಗೂ ಬಿಳಿ ಟೀ ಶರ್ಟು, ಎದೆಯ ಮೇಲೆ ಅವನ ಮುಖ. ಪೇಟೆ ಅಂಗಡಿಯಲ್ಲಿ ಮಾಡಿಸಿದ ಒಂದು ಅಂಗಿ ಎರಡೇ ಒಗೆತಕ್ಕೆ ಸಿಪ್ಪೆ ಎದ್ದಿತ್ತಂತೆ. "ಅವ್ನ ಮುಖ ಸಿಪ್ಪೆ ಏಳೋದ್ನ ನೋಡೋಕಾಗ್ಲಿಲ್ಲ ಅಕ್ಕ, ಅದ್ಕೇ ನಿಮ್ಮತ್ರ ಬಂದೆ," ಅಂದಳು. ಎಲ್ಲರ ಅಳತೆಯನ್ನೂ ಬರೆಸಿದ ಮೇಲೆ, "ಇನ್ನೊಂದು ಜಾಸ್ತಿ ಹಾಕಿ, ಲಾರ್ಜ್ ಸೈಜು. ಅವ್ನ ಅಳತೆದು," ಅಂದಳು. ಬಾಗಿಲ ತನಕ ಹೋಗಿ ತಿರುಗಿ, "ಕಣ್ಣೊಂದ್ ಸರಿಯಾಗ್ ಬರ್ಲಿ," ಅಂದಳು.

ಈ ವಿಷಯ ಅತ್ತೆಗೆ ಹೇಳಬೇಡ ಅಂದವರು ನನ್ನ ಗಂಡ. ಸತ್ತವರ ಮುಖದ ಸ್ಕ್ರೀನು ದೇವರ ಕೋಣೆಯಲ್ಲಿ ಒಣಗುತ್ತದೆ ಅಂತ ಗೊತ್ತಾದರೆ ಮುದುಕಿ ಮನೆಯನ್ನೇ ತೊಳೆಸುತ್ತಿದ್ದರು. ನಮ್ಮ ಕಡೆ ಅಂಗಿಯ ಮೇಲೆ ಮುಖ ಮೂಡಬೇಕಾದರೆ ಲೀಡರುಗಳ ಹುಟ್ಟುಹಬ್ಬವೇ ಬರಬೇಕು. ಅತ್ತೆ ಫಿಲಂ ನೋಡಿ, "ಯಾವ್ ಪಾರ್ಟಿಯವ್ನೇ ಇವ್ನು? ಇಷ್ಟ್ ಚಿಕ್ಕೋನು!" ಅಂದರು. "ಯಾರೋ ಬಿಡಿ ಅತ್ತೆ," ಅಂದೆ.

ಕಣ್ಣು ಸುಲಭಕ್ಕೆ ಬರಲಿಲ್ಲ. ಅವಳು ಕೊಟ್ಟದ್ದು ಯಾವುದೋ ಮದುವೆಯಲ್ಲಿ ಊಟಕ್ಕೆ ಕೂತಾಗ ತೆಗೆದ ಮೊಬೈಲ್ ಫೋಟೋ. ಅದನ್ನು ಸಣ್ಣ ಸಣ್ಣ ಚುಕ್ಕೆ ಮಾಡಿ ಫಿಲಂ ತೆಗೆಸಿದ್ದೆ. ಬಿಸಿಲಿಗೆ ಒಂದು ಗಳಿಗೆ ಹೆಚ್ಚು ಹಿಡಿದರೆ ಚುಕ್ಕೆ ಮುಚ್ಚಿಹೋಗಿ ಕಣ್ಣು ಕುರುಡಾಗುತ್ತಿತ್ತು. ಕಡಿಮೆಯಾದರೆ ತೊಳೆಯುವಾಗ ಮೀಸೆಯೆಲ್ಲ ಕಿತ್ತುಕೊಂಡು ಹೋಗುತ್ತಿತ್ತು. ಸ್ಕ್ರೀನಿನ ಮೇಲೆ ಸ್ಕ್ರೀನು ಕೆಡಿಸಿಕೊಂಡು, "ಬಾರೋ ಮಾರಾಯ, ಒಂದ್ ಸಲ ಸರಿಯಾಗ್ ಬಾರೋ," ಅಂತ ಆ ಸತ್ತ ಹುಡುಗನನ್ನೇ ಬೇಡಿಕೊಂಡೆ. ಕೊನೆಗೆ ಬಂದ. ಕಣ್ಣಲ್ಲಿ ನಗು ಕೂಡ ಬಂತು. ಒಂದೊಂದೇ ಅಂಗಿಗೆ ಕಪ್ಪು ಬಣ್ಣ ಎಳೆದು, ಒಣಗಿಸಿ, ಬಣ್ಣ ಕೂರಲಿ ಅಂತ ಇಸ್ತ್ರಿ ಹಾಕಿ ಜೋಡಿಸಿಟ್ಟೆ. ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಅವಳು ಬಂದು ತೆಗೆದುಕೊಂಡು ಹೋಗುವುದು ಅಂತ ಆಗಿತ್ತು.

ಬೆಳಿಗ್ಗೆ ನಾನು ಪ್ಯಾಕಿಂಗ್ ಕವರ್ ತರಲು ಅಂಗಡಿಗೆ ಹೋಗಿದ್ದೆ. ವಾಪಸು ಬಂದು ನೋಡುತ್ತೇನೆ, ಅತ್ತೆ ಮಿಂದು ಮಡಿಯುಟ್ಟು ನಡುಮನೆಯಲ್ಲಿ ಕೂತಿದ್ದಾರೆ. ಮುಂದೆ ಅರಿಶಿನ ಕಲಸಿದ ಬಟ್ಟಲು. ಒಂದೊಂದೇ ಅಂಗಿ ಬಿಡಿಸಿ, ಕೆಳಗಿನ ಅಂಚಿಗೆ ಬೆರಳದ್ದಿ ಹಚ್ಚಿ, ಕಣ್ಣಿಗೊತ್ತಿಕೊಂಡು, ಮಡಚಿ ಇಡುತ್ತಿದ್ದಾರೆ. ಕೊನೆಯ ಅಂಗಿ ಅವರ ಕೈಯಲ್ಲಿತ್ತು.

"ಅಯ್ಯೋ! ಏನ್ ಮಾಡ್ಬಿಟ್ರಿ ಅತ್ತೆ!"

"ಏನ್ ಮಾಡ್ದೆ ಈಗ? ಹೊಸಾ ಬಟ್ಟೆ ಕಣೇ. ಅರಿಶಿನ ಸೋಕಿಸ್ದೆ ಮನೆಯಿಂದ ಕಳಿಸ್ತಾರಾ? ಅದ್ಕೇ ನಿಮ್ ಕೆಲ್ಸ ಕೈಹತ್ತಲ್ಲ," ಅಂದರು. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಸಮಾಧಾನ.

ನನ್ನ ಬಾಯಿ ಹಿಡಿತ ತಪ್ಪಿತು. "ಅದು ಸತ್ತೋರ್ ಬಟ್ಟೆ ಅತ್ತೆ! ಆ ಮುಖದವ್ನು ಸತ್ತು ವರ್ಷ ಆಯ್ತು!" ಅಂತ ಕಿರುಚಿಬಿಟ್ಟೆ. ಅತ್ತೆಯ ಬೆರಳು ಬಟ್ಟಲಲ್ಲೇ ನಿಂತಿತು. ಮದುವೆ ಬಟ್ಟೆಗೆ ಹಚ್ಚುವುದನ್ನು ಸಾವಿನ ಬಟ್ಟೆಗೆ ಹಚ್ಚಿ ಕೊಟ್ಟರೆ ಆ ಅಕ್ಕನ ಎದೆಗೆ ಹೇಗಾಗಬಹುದು! ಬೇಕೆಂದೇ ಅಣಕಿಸಿದಂತಲ್ಲವೇ?

ಯೋಚನೆ ಮಾಡಿದ್ದರೆ ಆಗುತ್ತಿತ್ತು. ನಾನೆಲ್ಲಿ ಯೋಚನೆ ಮಾಡಲಿ? ಎಲ್ಲವನ್ನೂ ಬಾಚಿಕೊಂಡು ಹಿತ್ತಲ ಕಲ್ಲಿನ ಮೇಲೆ ಹಾಕಿ, ಅಂಚು ಅಂಚಿಗೂ ಬಟ್ಟೆ ಸೋಪು ಉಜ್ಜಿದೆ. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆ ಅಂತ ಅಡುಗೆಮನೆಗೆ ಕಾಲಿಟ್ಟ ಯಾವ ಹೆಂಗಸಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಆದರೂ ಉಜ್ಜಿದೆ. ಒಂದು ಮುಗಿಸಿ ಇನ್ನೊಂದು ಉಜ್ಜಿ ತಿರುಗಿ ನೋಡಿದರೆ ಬಿಳಿ ಅಂಗಿಗಳ ಅಂಚೆಲ್ಲ ಕೆಂಪು. ಹಳದಿಯಾದರೂ ಅರಿಶಿನ ಅಂತ ಗೊತ್ತಾಗುತ್ತಿತ್ತು. ಇದು ಥೇಟು ರಕ್ತದ ಕಲೆ. ರಸ್ತೆಯಲ್ಲಿ ಬಿದ್ದು ಸತ್ತವನ ಮುಖ ಎದೆಯ ಮೇಲೆ, ಕೆಳಗೆ ಕೆಂಪು. ನಾನು ಕಲ್ಲಿನ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅಳತೊಡಗಿದೆ. ಬೇರೆ ಅಂಗಿ ತರಿಸೋಣವೆಂದರೆ ತಿರುಪ್ಪೂರಿನಿಂದ ಪಾರ್ಸಲ್ ಬರಬೇಕು. ಮುಗಿಯಿತು, ಗುಬ್ಬಿಗೆ ಗಂಟುಮೂಟೆ ಕಟ್ಟುವುದೊಂದೇ ಬಾಕಿ ಅಂದುಕೊಂಡೆ.

ಅತ್ತೆ ಒಳಗಿನಿಂದ ನಿಂಬೆಹಣ್ಣು ಹೆಚ್ಚಿಕೊಂಡು ಬಂದರು. ನನ್ನ ಮುಖ ನೋಡದೆ, "ಏಳು. ಹುಳಿ ಬಿದ್ರೆ ಕೆಂಪು ಹೋಯ್ತದೆ. ಉಳಿದಿದ್ದು ಬಿಸ್ಲು ನೋಡ್ಕತದೆ," ಅಂದರು. ಸೋಪು ಹೋಗುವಂತೆ ಜಾಲಿಸಿ ನಿಂಬೆರಸ ಹಿಂಡಿದೆವು. ಕೆಂಪು ಹೋಗಿ ಮತ್ತೆ ಹಳದಿ ಬಂತು. ಅರಿಶಿನದ ಕಲೆಯನ್ನು ಬಿಸಿಲು ತಿನ್ನುತ್ತದೆ, ನಿಜ. ಆದರೆ ಬಿಸಿಲು ಬೇಕಲ್ಲ? ತಾರಸಿಗೆ ಹೋಗಿ ಅಂಗಿಗಳನ್ನೆಲ್ಲ ತಂತಿಗೆ ಕ್ಲಿಪ್ ಹಾಕಿ ನೋಡಿದರೆ ಇಡೀ ಆಕಾಶ ಮೋಡ.

ಆ ಬೆಳಗ್ಗೆ ನಾನು ಬೈಯದ ದೇವರಿಲ್ಲ. ಮೋಡ ಸರಿದು ಬಿಸಿಲು ಬಿದ್ದರೆ ಅಂಚುಗಳನ್ನು ಅತ್ತ ತಿರುಗಿಸುವುದು, ಮೋಡ ಮುಚ್ಚಿದರೆ ಕೈಕಟ್ಟಿ ನಿಲ್ಲುವುದು. ಅತ್ತೆ ಕೆಳಗಿನಿಂದ ನೀರು ಹೊತ್ತು ತಂದು ಕಲೆಗಳ ಮೇಲೆ ಚಿಮುಕಿಸುತ್ತಿದ್ದರು. ಮಂಡಿ ನೋವಿನ ಮುದುಕಿ, ಮೆಟ್ಟಿಲು ಹತ್ತಿ ಇಳಿದು ಸುಸ್ತಾದರೂ ನಿಲ್ಲಿಸಲಿಲ್ಲ. ಊಟದ ಹೊತ್ತಿಗೆ ಬಿಸಿಲು ಚುರುಗುಟ್ಟಿತು. ಹಳದಿ ಕರಗುತ್ತಾ ಬಂತು. ಪೂರ್ತಿ ಹೋಗಲಿಲ್ಲ, ಆದರೆ ಬೇಕೆಂದೇ ಹುಡುಕಿದರೆ ಮಾತ್ರ ಕಾಣುವಷ್ಟಾಯಿತು.

ಅವಳು ಬಂದಾಗ ನಾವಿನ್ನೂ ತಾರಸಿಯಲ್ಲೇ ಇದ್ದೆವು. ಕೆಳಗೆ ಕೂಗಿ, ಉತ್ತರ ಬರದೆ, ಮೇಲೆ ಹತ್ತಿ ಬಂದುಬಿಟ್ಟಳು. ತಂತಿಯುದ್ದಕ್ಕೂ ಅವಳ ತಮ್ಮ. ಗಾಳಿಗೆ ಎಲ್ಲ ಮುಖಗಳೂ ಅವಳ ಕಡೆ ತಿರುಗಿದವು. ಬಾಗಿಲ ಹತ್ತಿರವೇ ನಿಂತಳು. "ಕಣ್ಣು ಬಂದಿದೆ ಅಕ್ಕ. ಅವ್ನೇ," ಅಂದಳು.

ಅಷ್ಟರಲ್ಲಿ ಗುಬ್ಬಿಯಿಂದ ಫೋನು. "ಏನಾಯ್ತೇ?" ಅಂದರು ಗಂಡ. "ಆಯ್ತು. ಟೇಬಲ್ ಯಾರಿಗೂ ಹೇಳ್ಬೇಡಿ," ಅಂದು ಇಟ್ಟೆ. ಬದುಕಿದೆ ಅಂದುಕೊಂಡು ಅಂಗಿ ಮಡಚಲು ಶುರುಮಾಡಿದೆ. ಆಗಲೇ ಅತ್ತೆ ಮುಂದೆ ಹೋದರು.

"ನಂದೇ ತೆಪ್ಪು ಕಣವ್ವಾ. ಗೊತ್ತಿಲ್ದೆ ಎಲ್ಲಕ್ಕೂ ಅರಿಶಿನ ಹಚ್ಬುಟ್ಟಿದ್ದೆ. ಅಂಥಾ ಬಟ್ಟೆಗೆ ಹಚ್ಬಾರ್ದು. ಹೊಟ್ಟೆಗ್ ಹಾಕ್ಕೊ ತಾಯಿ."

ನನಗೆ ಅವರ ಬಾಯಿ ಮುಚ್ಚಿಬಿಡಬೇಕು ಅನ್ನಿಸಿತು. ಬೆಳಗಿನಿಂದ ಸತ್ತು ಕಲೆ ತೆಗೆದದ್ದು ಈ ಮಾತಿಗಾ? ಅವಳು ಒಂದು ಅಂಗಿಯ ಅಂಚನ್ನು ಹಿಡಿದು ಬೆಳಕಿಗೆ ಒಡ್ಡಿ ನೋಡಿದಳು. ಬೆರಳಿನಿಂದ ಆ ಮಾಸಿದ ಗುರುತನ್ನು ಸವರಿದಳು. ಈಗ ಎಸೆದು ಹೋಗುತ್ತಾಳೆ ಅಂದುಕೊಂಡೆ.

"ಅವ್ನಿಗೆ ಹೆಣ್ಣು ಗೊತ್ತಾಗಿತ್ತು ಅಜ್ಜಿ," ಅಂದಳು. "ಮದ್ವೆಗೆ ಅಂತ ಅಮ್ಮ ಅರಿಶಿನದ ಕೊಂಬು ಕುಟ್ಸಿಟ್ಟಿದ್ರು. ಡಬ್ಬಿಲೇ ಇದೆ. ಅಡುಗೆಗೂ ತೆಗಿಯಲ್ಲ, ಎಸೆಯೋದೂ ಇಲ್ಲ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಅವಳು ತಂತಿಯ ಮೇಲೆ ಅಳತೆಯ ಚೀಟಿಗಳನ್ನು ಹುಡುಕಿ ಒಂದು ಲಾರ್ಜ್ ತೆಗೆದಳು.

"ಇದೊಂದಕ್ಕೆ ಮತ್ತೆ ಹಚ್ಕೊಡಿ ಅಜ್ಜಿ."

ಅತ್ತೆ ನನ್ನ ಮುಖ ನೋಡಿದರು. ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ಏನಕ್ಕೂ ಕೇಳಿದವರಲ್ಲ. ನಾನು ತಲೆಯಾಡಿಸಿದೆ. ಅತ್ತೆ ಕೆಳಗಿಳಿದು ಬೆಳಗಿನ ಬಟ್ಟಲು ತಂದು, ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು, ನಾಲ್ಕು ಕಡೆಯೂ ಹಚ್ಚಿದರು. ಬೆರಳಿನಿಂದ ಒಂದು ಹನಿ ಎದೆಯ ಮೇಲೆ, ಅವನ ಕೆನ್ನೆಗೇ ಬಿತ್ತು. ಯಾರೂ ಅದನ್ನು ಒರೆಸಲಿಲ್ಲ.

ಆ ಅಂಗಿಯನ್ನು ಬೇರೆ ಕವರಿಗೆ ಹಾಕಿ ಅವಳ ಕೈಗೆ ಕೊಟ್ಟೆ. ನನಗೆ ತೋಚಿದ್ದು ಒಂದೇ ಮಾತು. "ಒಗಿಯೋವಾಗ ಸೋಪು ಹಾಕ್ಬೇಡಿ, ಕೆಂಪಾಗುತ್ತೆ."

"ಯಾಕ್ ಒಗಿಯೋಣ ಅಕ್ಕ," ಅಂದಳು. "ಹಾಕ್ಕೊಂಡು ಕೊಳೆ ಮಾಡೋರು ಯಾರಿದಾರೆ?"